ಏಜೆಂಟಿಗೆ ಅಲರ್ಟ್ ಕೊಡಿ, ಕೀ ಕೊಡಬೇಡಿ: ಯಾವ ದಾರಿ ಯಾರಿಗೆ

ಬೆಳಗಾವಿಯ ಉದ್ಯಮಬಾಗದಲ್ಲಿ ಕೆಳಗೆ ಹೈಡ್ರಾಲಿಕ್ ಬಿಡಿಭಾಗಗಳ ವರ್ಕ್‌ಶಾಪು, ಮಾಳಿಗೆಯ ಮೇಲೆ ನಮ್ಮ ಆಫೀಸು. ಆರು ಜನ. ಸಕ್ಕರೆ ಕಾರ್ಖಾನೆಗಳ ಕಾಟಾ (ಕಬ್ಬು ತೂಗುವ ಕಟ್ಟೆ) ಲೆಕ್ಕ, ಫೌಂಡ್ರಿಗಳ ಸ್ಟಾಕು, ಒಂದೆರಡು ಸೊಸೈಟಿಗಳ ಬಿಲ್ಲಿಂಗು, ಇಷ್ಟು ನಮ್ಮ ಕಸುಬು. ಕಳೆದ ಹಂಗಾಮಿನಲ್ಲಿ ಹಳೆಯ ರೆಪೊಗಳ, ಅಂದರೆ ಕೋಡ್ ಇಡುವ ಕಣಜಗಳ ಮೇಲೆ ಮೊದಲ ಸಲ ಸೀಕ್ರೆಟ್ ಸ್ಕ್ಯಾನಿಂಗ್ ಓಡಿಸಿದೆವು. ಕೋಡಿನಲ್ಲಿ ಮರೆತು ಉಳಿದ ಪಾಸ್‌ವರ್ಡು, ಟೋಕನ್ನು (ಒಂದು ಪ್ರೋಗ್ರಾಂ ಇನ್ನೊಂದು ಸೇವೆಗೆ ತೋರಿಸುವ ಗುಟ್ಟಿನ ಅಕ್ಷರಸಾಲು) ಹುಡುಕುವ ಕೆಲಸ ಅದು; ಇವನ್ನೆಲ್ಲ ಸೇರಿಸಿ ಇಲ್ಲಿ ಕೀ ಅನ್ನುತ್ತೇನೆ. 63 ಅಲರ್ಟ್. ಕೆಲಸ ಬಿಟ್ಟು ಪುಣೆಗೆ ಹೋದವರು ಬರೆದಿಟ್ಟ ಪಾಸ್‌ವರ್ಡು, ಟೆಸ್ಟಿಗೆಂದು ಹಾಕಿ ಮರೆತ ಟೋಕನ್ನು, ಎಲ್ಲ ಒಟ್ಟಿಗೇ ಎದ್ದು ನಿಂತವು.

‘ಸರ್, ಇಷ್ಟೆಲ್ಲಾ ಯಾರ್ ಕುಂತ್ ನೋಡ್ತಾರ್ರೀ? ಏಜೆಂಟ್ ಕಡೆ ಕೊಟ್ ಬಿಡೂಣ’ ಅಂದಳು ನಮ್ಮ ಗೋಕಾಕದ ಹುಡುಗಿ. ಏಜೆಂಟ್ ಅಂದರೆ ಹೇಳಿದ ಕೆಲಸವನ್ನು ಟೂಲುಗಳನ್ನು ಬಳಸಿ ತಾನೇ ಮಾಡುವ ಎಐ ಪ್ರೋಗ್ರಾಂ. ಕೊಟ್ಟೆವು.

ಏಜೆಂಟ್ ಕೆಲಸ ಚೆನ್ನಾಗಿಯೇ ಮಾಡಿತು. ಕಾಳು ಜೊಳ್ಳು ಬೇರೆ ಮಾಡಿತು. ಆಮೇಲೆ ಕೇಳದಿದ್ದರೂ ಒಂದು ಪುಲ್ ರಿಕ್ವೆಸ್ಟ್ (ಕೋಡ್ ಬದಲಿಸುವ ಪ್ರಸ್ತಾಪ) ತೆರೆದು, ‘41ನೇ ಸಾಲಿನಲ್ಲಿ ಎಸ್‌ಎಂಎಸ್ ಗೇಟ್‌ವೇ ಟೋಕನ್ ಇದೆ, ಇದನ್ನು ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ ಸಾಗಿಸಬೇಕು’ ಎಂದು ವಿವರಣೆ ಬರೆಯಿತು, ಅಂದರೆ ಕೋಡಿನ ಹೊರಗೆ ಇಡಬೇಕು ಎಂದು. ಯಾವ ಟೋಕನ್ ಎಂದು ಸಂಶಯ ಬರಬಾರದಲ್ಲ, ಪೂರ್ತಿ ಟೋಕನ್ನನ್ನೂ ಅಲ್ಲೇ ಅಂಟಿಸಿತು. ಆ ರೆಪೊ ನೋಡುವವರಲ್ಲಿ ಕಾರ್ಖಾನೆಯವರು ಇದ್ದರು, ಅವರ ಆಡಿಟಿನವರು ಇದ್ದರು. ನೋಟಿಫಿಕೇಶನ್ ಮೇಲ್ 11 ಜನರ ಇನ್‌ಬಾಕ್ಸಿಗೆ ಬಿತ್ತು. ಪುಲ್ ರಿಕ್ವೆಸ್ಟನ್ನು ತಿದ್ದಬಹುದು, ಹೋದ ಮೇಲ್ ವಾಪಸ್ ಬರುವುದಿಲ್ಲ.

ರಾತ್ರಿಯೇ ಟೋಕನ್ ರದ್ದು ಮಾಡಿ ಹೊಸದು ಹಾಕಿ ಮಲಗಿದೆ. ಬೆಳಗ್ಗೆ ಆರಕ್ಕೆ ಅಥಣಿ ಕಡೆಯ ಕಾರ್ಖಾನೆಯ ಕಾಟಾದಿಂದ ಫೋನು: ‘ಏನ್ ಸಾಹೇಬ್ರ, ತೂಕದ ಮೆಸೇಜ್ ಬರವಲ್ವು, ರೈತ್ರು ತಲಿ ತಿನ್ನಾಕತ್ತಾರ.’ ಅದೇ ಹಳೆಯ ಟೋಕನ್ ಕಾಟಾದ ಕಂಪ್ಯೂಟರಿನಲ್ಲೂ ಕುಳಿತಿತ್ತು. ಬೇರೆ ರೆಪೊ, ಬೇರೆ ಫೈಲ್. ಏಜೆಂಟಿನ ಪಟ್ಟಿಯಲ್ಲಿ ಅದೊಂದು ಬೇರೆ ಅಲರ್ಟ್ ಆಗಿ ಇತ್ತು, ಎರಡೂ ಒಂದೇ ಟೋಕನ್ ಎಂದು ನಾವು ಗಮನಿಸಿರಲಿಲ್ಲ. ಟ್ರ್ಯಾಕ್ಟರುಗಳ ಸಾಲು ಗೇಟಿನಿಂದ ರಸ್ತೆಯವರೆಗೆ ನಿಂತಾಗ ಇದನ್ನು ಕಂಡುಹಿಡಿದೆ.

ಹಾಗಾಗಿ ಯಾವ ದಾರಿಯನ್ನು ನೋಡುವಾಗಲೂ ನನಗೆ ಎರಡು ಪ್ರಶ್ನೆ. ಕೀ ಏಜೆಂಟಿನ ಕಣ್ಣಿಗೆ ಬೀಳದಂತೆ ಇದೆಯೇ? ಬೀಳದಿದ್ದರೂ ‘ಇದು ಮತ್ತು ಅದು ಒಂದೇ’ ಎಂದು ಅದಕ್ಕೆ ಗೊತ್ತಾಗುತ್ತದೆಯೇ? ಮೊದಲನೆಯದಕ್ಕೆ ಎಲ್ಲರೂ ಏನಾದರೂ ವ್ಯವಸ್ಥೆ ಮಾಡಿಕೊಂಡಿರುತ್ತಾರೆ. ಎರಡನೆಯದು ಹಂಗಾಮಿನ ಬೆಳಗ್ಗೆ ಆರಕ್ಕೆ ನೆನಪಾಗುತ್ತದೆ.

ಕೀ ಎಲ್ಲೆಲ್ಲಿಗೆ ಹೋಗುತ್ತದೆ

ಏಜೆಂಟಿಗೂ ಸ್ಕ್ಯಾನರಿಗೂ ನಡುವೆ ಈಗ ಸಾಮಾನ್ಯವಾಗಿ ಇರುವುದು ಎಂಸಿಪಿ (ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್). 2024ರ ನವೆಂಬರ್‌ನಲ್ಲಿ ಎಐ ಕಂಪನಿ ಆಂಥ್ರೊಪಿಕ್ ಹೊರಗೆ ಬಿಟ್ಟ ಈ ಕಟ್ಟುಪಾಡಿನಲ್ಲಿ ಏಜೆಂಟ್ ಒಂದು ಟೂಲನ್ನು ಕರೆಯುತ್ತದೆ, ಸರ್ವರ್ ಉತ್ತರ ಕೊಡುತ್ತದೆ, ಉತ್ತರದಲ್ಲಿ ಇದ್ದದ್ದೆಲ್ಲ ಮಾಡೆಲಿನ (ಏಜೆಂಟಿನ ಮಿದುಳಿನ) ಕಾಂಟೆಕ್ಸ್ಟಿಗೆ, ಅಂದರೆ ಅದು ಆ ಹೊತ್ತಿಗೆ ಓದುವ ಪಠ್ಯಕ್ಕೆ, ಸೇರುತ್ತದೆ. ಅಲ್ಲಿಂದ ಮುಂದೆ ಅದು ನಮ್ಮ ಕೈಯಲ್ಲಿ ಇಲ್ಲ. ಮಾಡೆಲ್ ಕಂಪನಿಯ ಸರ್ವರಿಗೆ ಹೋಯಿತು, ಲ್ಯಾಪ್‌ಟಾಪಿನಲ್ಲಿ ಉಳಿಯುವ ಸೆಶನ್ ಫೈಲಿಗೆ ಬಿತ್ತು, ಮುಂದಿನ ಟೂಲ್ ಕರೆಯ ಒಳಗೆ ಸೇರಿಕೊಂಡಿತು. ನಮ್ಮ ಪುಲ್ ರಿಕ್ವೆಸ್ಟಿನಲ್ಲಿ ಆದದ್ದು ಈ ಕೊನೆಯದು.

‘ಕೀಗಳನ್ನು ಎಲ್ಲಿಯೂ ಬರೆಯಬೇಡ’ ಎಂದು ಪ್ರಾಂಪ್ಟಿನಲ್ಲಿ (ಏಜೆಂಟಿಗೆ ಬರೆದುಕೊಡುವ ಸೂಚನೆಯಲ್ಲಿ) ಹೇಳಿದರಾಯಿತು ಎನ್ನುವವರಿದ್ದಾರೆ. ನಾವೂ ಹೇಳಿದ್ದೆವು. ಅದು ವಿನಂತಿ, ಬೀಗವಲ್ಲ. ರೆಪೊದ ಯಾವುದೋ ರೀಡ್‌ಮಿ ಫೈಲಿನಲ್ಲಿ ಯಾರೋ ‘ಈ ವಿಳಾಸಕ್ಕೆ ಅಲರ್ಟುಗಳನ್ನು ಕಳಿಸು’ ಎಂದು ಬರೆದಿಟ್ಟಿದ್ದರೆ ಏಜೆಂಟ್ ಅದನ್ನೂ ವಿನಂತಿ ಎಂದೇ ಓದುತ್ತದೆ.

ಇನ್ನೊಂದು ತಪ್ಪು ನೆಮ್ಮದಿ ರೀಡ್-ಓನ್ಲಿ ಮೋಡ್. ಕೋಡ್ ಇಡುವ ತಾಣ ಗಿಟ್‌ಹಬ್‌ನ ಎಂಸಿಪಿ ಸರ್ವರಿನಲ್ಲಿ ಅದು ಇದೆ, ಹಾಕಿಯೇ ಇಡಬೇಕು. ಆದರೆ ಅದು ತಡೆಯುವುದು ಬರೆಯುವುದನ್ನು. ಇಲ್ಲಿ ಅಪಾಯ ಇರುವುದೇ ಓದುವುದರಲ್ಲಿ. ಟೂಲ್ ಕರೆಗೆ ‘ಅನುಮತಿಸು’ ಎಂದು ಒತ್ತುವಾಗಲೂ ಏನು ಬರಲಿದೆ ಎಂದು ಒತ್ತುವವರಿಗೆ ಗೊತ್ತಿರುವುದಿಲ್ಲ.

ಅಂದಮೇಲೆ ಮುಚ್ಚುವುದು ಸರ್ವರಿನ ಆಚೆ ಬದಿಯಲ್ಲೇ ಆಗಬೇಕು, ಉತ್ತರ ಹೊರಡುವ ಮೊದಲೇ.

ಮುಚ್ಚುವುದೆಂದರೆ ಎಷ್ಟು ಮುಚ್ಚುವುದು

ಜನ ಮೊದಲು ಯೋಚಿಸುವುದು ಬ್ಯಾಂಕಿನವರ ಪದ್ಧತಿ: ಮೊದಲ ನಾಲ್ಕು ಅಕ್ಷರ, ಕೊನೆಯ ನಾಲ್ಕು ಅಕ್ಷರ, ನಡುವೆ ಚುಕ್ಕಿ. ಯಂತ್ರ ಹುಟ್ಟಿಸಿದ ಟೋಕನ್ನಿಗೆ ಇದು ಪರವಾಗಿಲ್ಲ. ಗಿಟ್‌ಹಬ್‌ನ ‘ಜಿಎಚ್‌ಪಿ’ ಎಂದು ಶುರುವಾಗುವ ಟೋಕನ್ 40 ಅಕ್ಷರ ಉದ್ದ. ಮೊದಲ ನಾಲ್ಕು ಎಲ್ಲರಿಗೂ ಗೊತ್ತಿರುವ ಪೂರ್ವಪದ, ಕೊನೆಯ ನಾಲ್ಕು ತಿಳಿದರೂ ಉಳಿದದ್ದನ್ನು ಊಹಿಸಲು ಆಗದು. ಆದರೆ ನಮ್ಮ ಕಡೆಯ ರೆಪೊಗಳಲ್ಲಿ ಟೋಕನ್‌ಗಿಂತ ಹೆಚ್ಚು ಸಿಗುವುದು ಮನುಷ್ಯರು ಇಟ್ಟ ಪಾಸ್‌ವರ್ಡು. ಊರಿನ ಹೆಸರು, ಒಂದು ಅಟ್ ಚಿಹ್ನೆ, 123. ಎಂಟು ಅಕ್ಷರದ ಪಾಸ್‌ವರ್ಡಿನಲ್ಲಿ ಮೊದಲ ನಾಲ್ಕು, ಕೊನೆಯ ನಾಲ್ಕು ತೋರಿಸಿದರೆ ಮುಚ್ಚಿದ್ದೇನು?

ಇದಕ್ಕೊಂದು ವಿನಾಯಿತಿ. ಅಮೆಜಾನ್ ಕ್ಲೌಡಿನ ಕೀ ಜೋಡಿಯಲ್ಲಿ ‘ಎಕೆಐಎ’ ಎಂದು ಶುರುವಾಗುವ 20 ಅಕ್ಷರದ ಭಾಗ ಬರೀ ಐಡಿ, ಯೂಸರ್‌ನೇಮ್ ಇದ್ದಂತೆ. ಅದನ್ನು ಪೂರ್ತಿ ತೋರಿಸಿ, ಕನ್ಸೋಲಿನಲ್ಲಿ ಹುಡುಕಿ ರದ್ದು ಮಾಡಲು ಅದೇ ಬೇಕು. ಮುಚ್ಚಬೇಕಾದದ್ದು ಅದರ ಜೊತೆಗಿನ 40 ಅಕ್ಷರದ ಸೀಕ್ರೆಟ್.

ಎರಡನೆಯ ಪದ್ಧತಿ ಪೂರ್ತಿ ಮುಚ್ಚುವುದು. ಸುರಕ್ಷಿತ, ಆದರೆ ಕುರುಡು. 63 ಅಲರ್ಟಿನಲ್ಲೂ ಒಂದೇ ಕಪ್ಪು ಪಟ್ಟಿ. ನಮ್ಮ ಕಾಟಾದ ಕಥೆ ಇಲ್ಲಿ ಮತ್ತೆ ನಡೆಯುತ್ತದೆ: ಎರಡು ಫೈಲಿನಲ್ಲಿ ಒಂದೇ ಟೋಕನ್ ಇದ್ದರೂ ಏಜೆಂಟಿಗೆ ಗೊತ್ತಾಗುವ ದಾರಿ ಇಲ್ಲ. ಒಂದನ್ನು ಬದಲಿಸಿ ಇನ್ನೊಂದನ್ನು ಬಿಡುತ್ತೀರಿ.

ಮೂರನೆಯದು ಹ್ಯಾಶ್, ಅಂದರೆ ಕೀಯಿಂದ ಲೆಕ್ಕ ಹಾಕಿ ತೆಗೆದ, ನೇರವಾಗಿ ಹಿಂದಕ್ಕೆ ತಿರುಗಿಸಲಾಗದ ಅಕ್ಷರಸಾಲು. ಒಂದೇ ಕೀಗೆ ಒಂದೇ ಹ್ಯಾಶ್, ಹಾಗಾಗಿ ಹೋಲಿಸಬಹುದು. ಆದರೆ ಊರಿನ ಹೆಸರಿನ ಪಾಸ್‌ವರ್ಡಿಗೆ ಬರೀ ಹ್ಯಾಶ್ ತೆಗೆದರೆ ಪದಗಳ ಪಟ್ಟಿ ಇಟ್ಟುಕೊಂಡವರು ಕ್ಷಣದಲ್ಲಿ ಹಿಂದಕ್ಕೆ ಬಿಡಿಸುತ್ತಾರೆ. ನಾಲ್ಕು ಅಂಕಿಯ ಪಿನ್ನಿಗಾದರೆ 10,000 ಸಲ ಹ್ಯಾಶ್ ತೆಗೆದು ನೋಡಿದರೆ ಮುಗಿಯಿತು.

ನಾನು ಈಗ ಬಳಸುವುದು ನಾಲ್ಕನೆಯದನ್ನು, ಎಚ್‌ಮ್ಯಾಕ್. ಸರ್ವರಿನಲ್ಲಿ ಮಾತ್ರ ಇರುವ ಇನ್ನೊಂದು ಕೀ ಬೆರೆಸಿ ತೆಗೆದ ಹ್ಯಾಶ್ ಅದು. ಆ ಬೆರೆಸುವ ಕೀ ಕೈಯಲ್ಲಿ ಇಲ್ಲದವರು ಪದಗಳ ಪಟ್ಟಿ ಇಟ್ಟುಕೊಂಡು ಏನೂ ಮಾಡಲಾರರು. ಫಲಿತಾಂಶದ ಮೊದಲ ಎಂಟು ಹತ್ತು ಅಕ್ಷರ ಸಾಕು. ಕಾಟಾದ ಮುಂದೆ ಪ್ರತಿ ಟ್ರ್ಯಾಕ್ಟರಿಗೆ ಒಂದು ನಂಬರ್ ಚೀಟಿ ಕೊಡುವ ಹಾಗೆ: ಚೀಟಿ ನೋಡಿ ಗಾಡಿ ಗುರುತಿಸಬಹುದು, ಚೀಟಿ ಹಿಡಿದು ಗಾಡಿ ಓಡಿಸಲು ಆಗುವುದಿಲ್ಲ. ನಮ್ಮಲ್ಲಿ ಏಜೆಂಟಿಗೆ ತಲುಪುವ ಒಂದು ಅಲರ್ಟ್ ಈಗ ಇಷ್ಟೇ:

ಬಗೆ: ಎಸ್‌ಎಂಎಸ್ ಗೇಟ್‌ವೇ ಟೋಕನ್
ಎಲ್ಲಿ: ಕಾಟಾ ರೆಪೊ, ಸೆಟ್ಟಿಂಗ್ಸ್ ಫೈಲ್, ಸಾಲು 41
ಉದ್ದ: 32
ಜೀವ (ಕೀ ಇನ್ನೂ ಕೆಲಸ ಮಾಡುತ್ತದೆಯೇ): ಇದೆ
ಗುರುತು: 7ಎಫ್3ಸಿ91ಬಿ0
ಇದೇ ಗುರುತು ಇನ್ನೆಲ್ಲಿ: 2 ಕಡೆ

ಕೊನೆಯ ಸಾಲಿಗಾಗಿಯೇ ಇಷ್ಟೆಲ್ಲ. ಒಂದು ಎಚ್ಚರ: ಬೆರೆಸುವ ಕೀ ಟೀಮಿಗೆಲ್ಲ ಒಂದೇ ಇರಬೇಕು. ಪ್ರತಿ ಲ್ಯಾಪ್‌ಟಾಪ್ ತನ್ನದೇ ಕೀ ಬಳಸಿದರೆ ಅದೇ ಟೋಕನ್ನಿಗೆ ಆರು ಜನರ ಹತ್ತಿರ ಆರು ಗುರುತು.

ಸುತ್ತಲಿನ ಸಾಲುಗಳನ್ನು ಕಳಿಸುವ ಚಟವೂ ಬಿಡಬೇಕು. ‘ಸಂದರ್ಭ ತಿಳಿಯಲಿ’ ಎಂದು ಮೇಲೆ ಮೂರು ಸಾಲು, ಕೆಳಗೆ ಮೂರು ಸಾಲು ಸೇರಿಸುವ ಟೂಲುಗಳಿವೆ. ಸೆಟ್ಟಿಂಗುಗಳನ್ನು ಇಡುವ ಡಾಟ್ ಎನ್ವಿ ಫೈಲಿನಲ್ಲಿ ಅಕ್ಕಪಕ್ಕದ ಸಾಲುಗಳಲ್ಲೂ ಸೀಕ್ರೆಟ್ಟೇ ಇರುತ್ತದೆ. ಸ್ಕ್ಯಾನರ್ ಹಿಡಿದದ್ದನ್ನು ಮುಚ್ಚಿ, ಹಿಡಿಯದೇ ಬಿಟ್ಟ ಆರನ್ನು ನಾವೇ ಕೈಯಾರೆ ಕೊಟ್ಟ ಹಾಗಾಗುತ್ತದೆ. ಡೇಟಾಬೇಸ್ ಕನೆಕ್ಷನ್ ಸ್ಟ್ರಿಂಗಿನಲ್ಲೂ ಇದೇ ತೊಂದರೆ: ಅದರಲ್ಲಿ ಯೂಸರ್‌ನೇಮ್, ಪಾಸ್‌ವರ್ಡ್, ಅಟ್ ಚಿಹ್ನೆ, ಸರ್ವರಿನ ವಿಳಾಸ ಎಲ್ಲ ಒಂದೇ ಸಾಲಿನಲ್ಲಿ ಇರುತ್ತದೆ. ಪಾಸ್‌ವರ್ಡಿನೊಳಗೇ ಅಟ್ ಚಿಹ್ನೆ ಇದ್ದರೆ, ಅದನ್ನು ಕೊನೆ ಎಂದು ತಿಳಿಯುವ ಪ್ಯಾಟರ್ನ್ ಅರ್ಧ ಪಾಸ್‌ವರ್ಡನ್ನು ಮಾತ್ರ ಮುಚ್ಚುತ್ತದೆ.

ಗಿಟ್‌ಹಬ್ ದಾರಿ

ಕೋಡ್ ಗಿಟ್‌ಹಬ್‌ನಲ್ಲೇ ಇದ್ದರೆ ಎಲ್ಲಕ್ಕಿಂತ ಕಡಿಮೆ ಕೆಲಸದ ದಾರಿ ಇದು. 2025ರ ಏಪ್ರಿಲ್‌ನಲ್ಲಿ ಗಿಟ್‌ಹಬ್ ತನ್ನದೇ ಎಂಸಿಪಿ ಸರ್ವರ್ ಬಿಟ್ಟಿತು. ಅದರಲ್ಲಿ ಸೀಕ್ರೆಟ್ ಅಲರ್ಟುಗಳ ಪಟ್ಟಿ ತರಲು ಒಂದು ಟೂಲ್, ಒಂದೇ ಅಲರ್ಟ್ ತರಲು ಇನ್ನೊಂದು. ಪಬ್ಲಿಕ್ ರೆಪೊಗಳಿಗೆ ಸ್ಕ್ಯಾನಿಂಗ್ ಉಚಿತ. ಪ್ರೈವೇಟ್ ರೆಪೊಗಳಿಗೆ, 2025ರ ಏಪ್ರಿಲ್‌ನ ಹೊಸ ದರದಂತೆ, ಸೀಕ್ರೆಟ್ ಪ್ರೊಟೆಕ್ಷನ್ ಎಂಬ ಪ್ಯಾಕೇಜಿಗೆ ಕಮಿಟ್ ಮಾಡುವ (ಕೋಡಿನ ಬದಲಾವಣೆ ರೆಪೊಗೆ ಸೇರಿಸುವ) ಪ್ರತಿಯೊಬ್ಬರ ಲೆಕ್ಕಕ್ಕೆ ತಿಂಗಳಿಗೆ 19 ಡಾಲರ್. ಆರು ಜನರಿಗೆ ತಿಂಗಳಿಗೆ 114 ಡಾಲರ್ ಆಯಿತು. ಉದ್ಯಮಬಾಗದ ಲೆಕ್ಕದಲ್ಲಿ ಇದು ಸಣ್ಣ ಖರ್ಚಲ್ಲ.

ಅಲರ್ಟುಗಳ ಎಪಿಐ (ಪ್ರೋಗ್ರಾಂಗಳು ಮಾಹಿತಿ ಕೇಳುವ ಕಿಂಡಿ) ತಾನಾಗಿ ಕೀಯನ್ನು ಪೂರ್ತಿ ಕೊಡುತ್ತದೆ. ಮುಚ್ಚಲು ‘ಹೈಡ್ ಸೀಕ್ರೆಟ್’ ಎಂಬ ಪ್ಯಾರಾಮೀಟರ್ ಇದೆ, ಅದನ್ನು ಟ್ರೂ ಮಾಡಬೇಕು. ಡಿಫಾಲ್ಟ್ ಫಾಲ್ಸ್, ನೆನಪಿರಲಿ. ನೀವು ಬಳಸುವ ಎಂಸಿಪಿ ಸರ್ವರ್ ಇದನ್ನು ಹಾಕಿ ಕರೆಯುತ್ತದೆಯೇ ಎಂದು ಊಹಿಸಬೇಡಿ, ಒಂದು ಸತ್ತ ಟೋಕನ್ ಇಟ್ಟು ಕರೆದು ನೋಡಿ. ಹಾಕುತ್ತಿಲ್ಲ ಎಂದಾದರೆ ನಡುವೆ ನಿಮ್ಮದೇ ಐವತ್ತು ಸಾಲಿನ ಸರ್ವರ್ ಬರೆಯಿರಿ. ನಮ್ಮ ಹುಡುಗಿ ಅದನ್ನು ಮಧ್ಯಾಹ್ನದ ಊಟದೊಳಗೆ ಮುಗಿಸಿದಳು.

ಮುಚ್ಚಿದ ಮೇಲೂ ಈ ದಾರಿಯಲ್ಲಿ ಉಳಿಯುವ ಮಾಹಿತಿ ಚೆನ್ನಾಗಿದೆ: ಕೀಯ ಬಗೆ, ಜೀವ ಇದೆಯೇ ಇಲ್ಲವೇ, ಪಬ್ಲಿಕ್ ಆಗಿ ಸೋರಿದೆಯೇ, ಅದೇ ಸಂಸ್ಥೆಯ ಬೇರೆ ರೆಪೊಗಳಲ್ಲೂ ಸಿಕ್ಕಿದೆಯೇ. ಒಂದು ರೆಪೊದೊಳಗೆ ಅದೇ ಕೀ ಐದು ಕಡೆ ಇದ್ದರೂ ಅಲರ್ಟ್ ಒಂದೇ, ಜಾಗಗಳ ಪಟ್ಟಿ ಬೇರೆ. ನನ್ನ ಎರಡನೆಯ ಪ್ರಶ್ನೆಗೆ ಮುಕ್ಕಾಲು ಉತ್ತರ ಇಲ್ಲೇ ಸಿಗುತ್ತದೆ. ಬೇರೆ ರೆಪೊದಲ್ಲಿ ಇದೆ ಎಂದು ಹೇಳುತ್ತದೆ, ಯಾವುದರಲ್ಲಿ ಎಂದು ನೀವೇ ಹುಡುಕಬೇಕು.

ಏಜೆಂಟ್ ಇಲ್ಲಿ ಎರಡು ಕಡೆ ಎಡವುತ್ತದೆ. ಪಟ್ಟಿ ಒಂದು ಪುಟಕ್ಕೆ 30 ಮಾತ್ರ ಬರುತ್ತದೆ, ಕೇಳಿದರೆ ಹೆಚ್ಚೆಂದರೆ 100. ಮುಂದಿನ ಪುಟ ಕೇಳದ ಏಜೆಂಟ್ ‘ಒಟ್ಟು 30 ಅಲರ್ಟ್ ಇವೆ’ ಎಂದು ಧೈರ್ಯವಾಗಿ ವರದಿ ಬರೆಯುತ್ತದೆ. ಇನ್ನೊಂದು, ರೆಪೊದಲ್ಲಿ ಸ್ಕ್ಯಾನಿಂಗ್ ಆನ್ ಆಗಿರದಿದ್ದರೆ ಎಪಿಐ 404, ಅಂದರೆ ‘ಸಿಗಲಿಲ್ಲ’ ಎಂಬ ಉತ್ತರ ಕೊಡುತ್ತದೆ. ಅದನ್ನು ‘ಏನೂ ಸಿಗಲಿಲ್ಲ, ಎಲ್ಲ ಸರಿ ಇದೆ’ ಎಂದು ಓದಿದ ಏಜೆಂಟನ್ನು ನಾನು ನೋಡಿದ್ದೇನೆ. ನಿಮ್ಮ ಸರ್ವರಿನಲ್ಲಿ 404 ಬಂದರೆ ‘ಸ್ಕ್ಯಾನಿಂಗ್ ಆಫ್ ಇದೆ ಅಥವಾ ಪರ್ಮಿಶನ್ ಇಲ್ಲ’ ಎಂದು ಬಾಯಿಬಿಟ್ಟು ಹೇಳಿಸಿ.

ಅಲರ್ಟ್ ತರುವ ಸರ್ವರಿಗೆ ಗಿಟ್‌ಹಬ್ ಟೋಕನ್ ಕೊಡುವಾಗ ಫೈನ್-ಗ್ರೇನ್ಡ್ (ಅಧಿಕಾರವನ್ನು ಒಂದೊಂದಾಗಿ ಆರಿಸುವ) ಬಗೆಯದನ್ನೇ ಕೊಡಿ, ಅದರಲ್ಲೂ ಸೀಕ್ರೆಟ್ ಸ್ಕ್ಯಾನಿಂಗ್ ಅಲರ್ಟ್‌ಗೆ ರೀಡ್ ಮಾತ್ರ. ಪೂರ್ತಿ ರೆಪೊ ಅಧಿಕಾರದ ಹಳೆಯ ಟೋಕನ್ ಕೊಟ್ಟರೆ ನೀವು ಮುಚ್ಚಿದ್ದನ್ನು ಅದು ಬೇರೆ ಬಾಗಿಲಿನಿಂದ ತರಬಲ್ಲದು.

ಗಿಟ್‌ಲೀಕ್ಸ್ ದಾರಿ

ಕೋಡನ್ನು ಹೊರಗೆ ಬಿಡದ ಗಿರಾಕಿಗಳು ನಮ್ಮಲ್ಲಿ ಹೆಚ್ಚು. ಸೊಸೈಟಿಯ ಲೆಕ್ಕ ಸೊಸೈಟಿಯ ಕಟ್ಟಡದಲ್ಲೇ ಇರಬೇಕು, ಅವರದೇ ಗಿಟ್ ಸರ್ವರ್. ಅಲ್ಲಿಗೆ ಗಿಟ್‌ಲೀಕ್ಸ್ ಎಂಬ ಸ್ಕ್ಯಾನರ್. ಉಚಿತ, ಓಪನ್ ಸೋರ್ಸ್, ಒಂದೇ ಬೈನರಿ, ಇಂಟರ್ನೆಟ್ ಬೇಡ, ಗಿಟ್ ಇತಿಹಾಸವನ್ನು (ಹಳೆಯ ಎಲ್ಲ ಕಮಿಟ್‌ಗಳನ್ನು) ಪೂರ್ತಿ ಜಾಲಾಡುತ್ತದೆ.

ಅದರಲ್ಲಿ ರಿಡ್ಯಾಕ್ಟ್ ಎಂಬ ಸ್ವಿಚ್ ಇದೆ. ಸುಮ್ಮನೆ ಹಾಕಿದರೆ ನೂರಕ್ಕೆ ನೂರು ಮುಚ್ಚುತ್ತದೆ, ಬೇಕೆಂದರೆ ಶೇಕಡಾ ಇಷ್ಟು ಎಂದೂ ಹೇಳಬಹುದು. ಶೇಕಡಾ ಲೆಕ್ಕ ನನಗೆ ಇಷ್ಟವಿಲ್ಲ. ಮೇಲೆ ಹೇಳಿದ ಎಂಟು ಅಕ್ಷರದ ಪಾಸ್‌ವರ್ಡಿಗೆ ಅದೂ ಅದೇ ಗತಿ.

ಇಲ್ಲೊಂದು ಹೆಸರಿನ ಮೋಸ ಇದೆ. ಗಿಟ್‌ಲೀಕ್ಸ್ ವರದಿಯಲ್ಲಿ ‘ಫಿಂಗರ್‌ಪ್ರಿಂಟ್’ ಎಂಬ ಕಾಲಂ ಇದೆ. ನೋಡಿದವರೆಲ್ಲ ಅದು ಕೀಯ ಬೆರಳಚ್ಚು ಎಂದುಕೊಳ್ಳುತ್ತಾರೆ. ಅದು ಜಾಗದ ವಿಳಾಸ: ಕಮಿಟ್, ಫೈಲ್, ನಿಯಮ, ಸಾಲು. ಅದೇ ಟೋಕನ್ ಮೂರು ಫೈಲಿನಲ್ಲಿ ಇದ್ದರೆ ಮೂರು ಫಿಂಗರ್‌ಪ್ರಿಂಟ್. ಕಾಟಾದ ತೊಂದರೆಗೆ ಇದರಿಂದ ಪ್ರಯೋಜನವಿಲ್ಲ.

ಎಚ್‌ಮ್ಯಾಕ್ ಗುರುತು ಬೇಕಾದರೆ ರಿಡ್ಯಾಕ್ಟ್ ಸ್ವಿಚ್ ಹಾಕುವಂತಿಲ್ಲ, ಏಕೆಂದರೆ ಮುಚ್ಚಿದ ಮೇಲೆ ಹ್ಯಾಶ್ ತೆಗೆಯಲು ಏನೂ ಉಳಿಯುವುದಿಲ್ಲ. ಹಾಗಾಗಿ ಮುಚ್ಚದೆ ಓಡಿಸಿ, ಡಿಸ್ಕ್ ಮೇಲೆ ವರದಿ ಬರೆಯದೆ, ಪೈಪಿನಲ್ಲೇ ನಮ್ಮ ಪುಟ್ಟ ಸರ್ವರಿಗೆ ಕೊಟ್ಟು, ಅಲ್ಲಿ ಗುರುತು ತೆಗೆದು, ಕೀಯನ್ನು ಅಲ್ಲೇ ಬಿಟ್ಟುಬಿಡುತ್ತೇವೆ. ಜವಾಬ್ದಾರಿ ಸ್ಕ್ಯಾನರಿನಿಂದ ನಮ್ಮ ಕೋಡಿಗೆ ಬಂದಿತು ಅಂದ ಹಾಗಾಯಿತು. ಅದನ್ನು ಹೊರಲು ಮನಸ್ಸಿಲ್ಲದವರು ರಿಡ್ಯಾಕ್ಟ್ ಹಾಕಿಕೊಂಡು, ಒಂದೇ ಕೀ ಎಷ್ಟು ಕಡೆ ಇದೆ ಎನ್ನುವುದನ್ನು ಮನುಷ್ಯರ ಕಣ್ಣಿಗೆ ಬಿಡಲಿ. ಅದರಲ್ಲಿ ನಾಚಿಕೆ ಏನಿಲ್ಲ.

ಸರ್ವರ್ ಬರೆಯುವಾಗ ಬೇಡದ ಕಾಲಂ ಅಳಿಸುವ ಬದಲು ಬೇಕಾದ ಕಾಲಂಗಳನ್ನಷ್ಟೇ ಹೆಕ್ಕಿ ಕಳಿಸಿ. ಗಿಟ್‌ಲೀಕ್ಸ್ ವರದಿಯಲ್ಲಿ ಕಮಿಟ್ ಮಾಡಿದವರ ಹೆಸರು, ಇಮೇಲ್ ಕೂಡ ಇರುತ್ತದೆ. ಯಾರ ತಪ್ಪು ಎಂದು ಏಜೆಂಟಿಗೆ ತಿಳಿದು ಆಗಬೇಕಾದದ್ದೇನಿಲ್ಲ.

ಟ್ರಫಲ್‌ಹಾಗ್, ಡಿಟೆಕ್ಟ್-ಸೀಕ್ರೆಟ್ಸ್

ಟ್ರಫಲ್‌ಹಾಗ್ ಇನ್ನೊಂದು ಸ್ಕ್ಯಾನರ್, ಅದರ ಬಲ ಒಂದೇ: ಸಿಕ್ಕ ಕೀಗೆ ಜೀವ ಇದೆಯೇ ಎಂದು ತಾನೇ ಪರೀಕ್ಷಿಸುತ್ತದೆ. ಅಮೆಜಾನ್ ಕೀ ಸಿಕ್ಕರೆ ಆ ಕೀಯಿಂದಲೇ ‘ನಾನು ಯಾರು’ ಎಂದು ಕೇಳುವ ಒಂದು ನಿರುಪದ್ರವಿ ಕರೆ ಮಾಡಿ ನೋಡುತ್ತದೆ. 63ರಲ್ಲಿ ಸತ್ತವೆಷ್ಟು ಎಂದು ಗೊತ್ತಾದರೆ ಕೆಲಸ ಅರ್ಧಕ್ಕೆ ಇಳಿಯುತ್ತದೆ. ಆದರೆ ಅದು ಗಿರಾಕಿಯ ಕೀ ಬಳಸಿ ಗಿರಾಕಿಯ ಖಾತೆಗೆ ಮಾಡಿದ ಕರೆ, ಅವರ ಲಾಗಿನಲ್ಲಿ ಕಾಣುತ್ತದೆ. ಕೇಳದೆ ಮಾಡಬಾರದು, ಏಜೆಂಟ್ ತನ್ನಷ್ಟಕ್ಕೆ ಮಾಡುವಂತೆಯಂತೂ ಬಿಡಲೇಬಾರದು. ಅದರ ಜೇಸನ್ ಔಟ್‌ಪುಟ್ಟಿನಲ್ಲಿ ‘ರಿಡ್ಯಾಕ್ಟೆಡ್’ ಎಂಬ ಕಾಲಂ ನೋಡಿ ಸಮಾಧಾನ ಪಡಬೇಡಿ, ಪಕ್ಕದಲ್ಲೇ ‘ರಾ’ ಎಂಬ ಕಾಲಂ ಇದೆ, ಪೂರ್ತಿ ಕೀ ಅದರಲ್ಲಿ ಕುಳಿತಿರುತ್ತದೆ.

ಯೆಲ್ಪ್ ಕಂಪನಿ ಬಿಟ್ಟ ಡಿಟೆಕ್ಟ್-ಸೀಕ್ರೆಟ್ಸ್ ಹಳೆಯ, ಸರಳ ಟೂಲ್. ಅದರ ಬೇಸ್‌ಲೈನ್ (ಸಿಕ್ಕದ್ದರ ಪಟ್ಟಿ) ಫೈಲಿನಲ್ಲಿ ಕೀ ಇರುವುದೇ ಇಲ್ಲ, ಶಾ-1 ಹ್ಯಾಶ್ ಇರುತ್ತದೆ. ಏನೂ ಬರೆಯದೆ ಆ ಫೈಲನ್ನೇ ಏಜೆಂಟಿಗೆ ಕೊಡಬಹುದು, ಒಂದೇ ಕೀಯ ಹೋಲಿಕೆಯೂ ಸಿಗುತ್ತದೆ. ಕೊರತೆ ಎರಡು: ಸಣ್ಣ ಪಾಸ್‌ವರ್ಡಿನ ಹ್ಯಾಶ್ ಒಡೆಯುವುದು ಸುಲಭ, ಮತ್ತು ಅದು ನೋಡುವುದು ಇವತ್ತಿನ ಫೈಲುಗಳನ್ನು, ಹಳೆಯ ಕಮಿಟ್‌ಗಳನ್ನಲ್ಲ. ನಿನ್ನೆ ಅಳಿಸಿದ ಪಾಸ್‌ವರ್ಡ್ ಗಿಟ್ ಇತಿಹಾಸದಲ್ಲಿ ಹಾಗೇ ಇರುತ್ತದೆ.

ಮುಚ್ಚಿದ ಅಲರ್ಟ್, ತೆರೆದ ಫೈಲ್

ಇದನ್ನು ನಾವು ತಡವಾಗಿ ಕಂಡೆವು. ಇಷ್ಟೆಲ್ಲ ಮುಚ್ಚಿ ‘ಸೆಟ್ಟಿಂಗ್ಸ್ ಫೈಲ್, ಸಾಲು 41’ ಎಂದು ಕೊಟ್ಟೆವಲ್ಲ, ಅದು ವಿಳಾಸ. ಕೋಡ್ ತಿದ್ದುವ ಏಜೆಂಟಿಗೆ ಫೈಲ್ ಓದುವ ಟೂಲ್ ಇದ್ದೇ ಇರುತ್ತದೆ. ‘ಸರಿಪಡಿಸು’ ಎಂದ ತಕ್ಷಣ ಅದು ಮಾಡುವ ಮೊದಲ ಕೆಲಸ 41ನೇ ಸಾಲು ತೆರೆಯುವುದು. ಮುಂಬಾಗಿಲಿಗೆ ಚಿಲಕ ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟಂತೆ.

ಅದಕ್ಕೇ ನಾನು ಕೆಲಸವನ್ನು ಎರಡಾಗಿ ಒಡೆದೆ. ಮೊದಲ ಏಜೆಂಟಿಗೆ ಅಲರ್ಟ್ ಟೂಲ್ ಮಾತ್ರ, ರೆಪೊ ಇಲ್ಲ, ಫೈಲ್ ಇಲ್ಲ, ಹೊರಗೆ ಬರೆಯುವ ಟೂಲೂ ಇಲ್ಲ. ಅದು ವಿಂಗಡಿಸುತ್ತದೆ: ಯಾವುದು ಜೀವಂತ, ಯಾವುದು ಎಷ್ಟು ಕಡೆ ಇದೆ, ಯಾವುದನ್ನು ಮೊದಲು ಬದಲಿಸಬೇಕು. ಆ ಪಟ್ಟಿ ಹಿಡಿದು ಮನುಷ್ಯರು, ಅಂದರೆ ನಾನೋ ಆ ಹುಡುಗಿಯೋ, ಕೀಗಳನ್ನು ಬದಲಿಸಿ ಹಳೆಯದನ್ನು ರದ್ದು ಮಾಡುತ್ತೇವೆ. ಆಮೇಲೆ ಎರಡನೆಯ ಏಜೆಂಟನ್ನು ರೆಪೊದೊಳಗೆ ಬಿಡುತ್ತೇವೆ. ಅದು 41ನೇ ಸಾಲು ಓದಲಿ, ಪುಲ್ ರಿಕ್ವೆಸ್ಟಿನಲ್ಲಿ ಅಂಟಿಸಲಿ, ಅದು ಸತ್ತ ಟೋಕನ್.

ರದ್ದು ಮಾಡುವುದೇ ತಡವಾಗುವ ಗಿರಾಕಿಗಳಿದ್ದಾರೆ. ಕಾರ್ಖಾನೆಯಲ್ಲಿ ಹಂಗಾಮು ಮುಗಿಯುವವರೆಗೆ ಡೇಟಾಬೇಸ್ ಪಾಸ್‌ವರ್ಡ್ ಮುಟ್ಟಬೇಡಿ ಎನ್ನುತ್ತಾರೆ. ಅಂಥ ಅಲರ್ಟಿನ ಫೈಲನ್ನು ಕೈಯಿಂದಲೇ ತಿದ್ದುತ್ತೇನೆ. ‘ಪ್ರೈವೇಟ್ ರೆಪೊ ಅಲ್ವೇನ್ರೀ, ಯಾರ್ ನೋಡ್ತಾರ’ ಎನ್ನುವವರಿಗೆ ಊಬರ್‌ನ ಪ್ರಸಂಗ ಹೇಳುತ್ತೇನೆ. 2016ರಲ್ಲಿ ಕಳ್ಳರು ಅವರ ಪ್ರೈವೇಟ್ ರೆಪೊದೊಳಗೆ ನುಗ್ಗಿ, ಅಲ್ಲಿದ್ದ ಅಮೆಜಾನ್ ಕೀ ಹಿಡಿದು 5 ಕೋಟಿ 70 ಲಕ್ಷ ಜನರ ಮಾಹಿತಿ ತೆಗೆದರು. ಕೀ ಸೋರಿ ಯಾರಾದರೂ ಒಳಗೆ ಬಂದಿದ್ದಾರೆ ಎಂದು ಗೊತ್ತಾದರೆ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ಗೆ 6 ಗಂಟೆಯೊಳಗೆ ತಿಳಿಸಬೇಕು, 2022ರ ಏಪ್ರಿಲ್ 28ರ ನಿರ್ದೇಶನ. ಆಗ ಕೀ ಯಾವ ದಿನ ರೆಪೊಗೆ ಸೇರಿತು ಎನ್ನುವ ಒಂದು ಕಾಲಂ ಬಹಳ ಉಪಯೋಗಕ್ಕೆ ಬರುತ್ತದೆ, ಅದನ್ನು ಉಳಿಸಿಕೊಳ್ಳಿ.

ಯಾರಿಗೆ ಯಾವುದು

ಅಲರ್ಟುಗಳು ಇಪ್ಪತ್ತರ ಒಳಗಿದ್ದರೆ ಏಜೆಂಟ್ ಬೇಡವೇ ಬೇಡ. ಒಂದು ಚಹಾ ಕುಡಿಯುವಷ್ಟರಲ್ಲಿ ಇಬ್ಬರು ಕುಳಿತು ನೋಡಿ ಮುಗಿಸಬಹುದು, ಟೂಲ್ ಹೊಂದಿಸಲು ಅದಕ್ಕಿಂತ ಹೆಚ್ಚು ಹೊತ್ತು ಹೋಗುತ್ತದೆ.

ಕೋಡ್ ಗಿಟ್‌ಹಬ್‌ನಲ್ಲಿದ್ದು, ಪಬ್ಲಿಕ್ ರೆಪೊ ಅಥವಾ ದುಡ್ಡು ಕೊಡುವ ಗಿರಾಕಿ ಇದ್ದರೆ ಗಿಟ್‌ಹಬ್ ದಾರಿಯೇ ಸರಿ, ‘ಹೈಡ್ ಸೀಕ್ರೆಟ್’ ಹಾಕಿಕೊಂಡು. ಕಾಲೇಜಿನ ಪ್ರಾಜೆಕ್ಟ್ ಮಾಡುವ ಹುಡುಗರು ರೆಪೊವನ್ನು ಹೇಗೂ ಪಬ್ಲಿಕ್ ಇಟ್ಟಿರುತ್ತಾರೆ, ಅವರಿಗೆ ಇದು ಪುಕ್ಕಟೆ.

ಸ್ವಂತ ಗಿಟ್ ಸರ್ವರ್, ಹತ್ತಾರು ಗಿರಾಕಿ, ಒಂದೇ ಎಸ್‌ಎಂಎಸ್ ಖಾತೆಯ ಟೋಕನ್ ನಾಲ್ಕಾರು ರೆಪೊಗಳಲ್ಲಿ ಹಂಚಿಹೋಗಿದೆ ಎನ್ನುವ ನಮ್ಮಂಥವರಿಗೆ ಗಿಟ್‌ಲೀಕ್ಸ್ ಮತ್ತು ಎಚ್‌ಮ್ಯಾಕ್ ಹಾಕುವ ಸ್ವಂತ ಸರ್ವರ್. ಎರಡು ದಿನದ ಕೆಲಸ. ನಾನು ಇದನ್ನೇ ಇಟ್ಟುಕೊಂಡಿದ್ದೇನೆ. ತಿಂಗಳಿಗೊಮ್ಮೆ ಗಿರಾಕಿಯನ್ನು ಕೇಳಿ ಟ್ರಫಲ್‌ಹಾಗ್ ಅನ್ನು ಕೈಯಿಂದ ಓಡಿಸಿ ‘ಜೀವ’ ಕಾಲಂ ತುಂಬುತ್ತೇನೆ. ಹಳೆಯ ಇತಿಹಾಸವಿಲ್ಲದ ಹೊಸ ರೆಪೊ, ಯಂತ್ರದ ಟೋಕನ್‌ಗಳು ಮಾತ್ರ ಎನ್ನುವವರಿಗೆ ಡಿಟೆಕ್ಟ್-ಸೀಕ್ರೆಟ್ಸ್ ಸಾಕು.

ಯಾವುದನ್ನು ಆರಿಸಿದರೂ ಒಂದು ಪರೀಕ್ಷೆ ಮಾಡಿ. ಖಾಲಿ ರೆಪೊದಲ್ಲಿ ಒಂದು ನಕಲಿ ಕೀ ಇಟ್ಟು, ಸ್ಕ್ಯಾನ್ ಮಾಡಿಸಿ, ಏಜೆಂಟಿನಿಂದ ವರದಿ ಬರೆಸಿ. ಆಮೇಲೆ ಆ ಕೀಯ ನಡುವಿನ ಹತ್ತು ಅಕ್ಷರ ಹಿಡಿದು ಏಜೆಂಟಿನ ಸೆಶನ್ ಫೈಲುಗಳಲ್ಲಿ ಹುಡುಕಿ. ಅಮೆಜಾನ್‌ನವರ ಡಾಕ್ಯುಮೆಂಟಿನಲ್ಲಿರುವ, ‘ಎಕ್ಸಾಂಪಲ್’ ಎಂದು ಮುಗಿಯುವ ಮಾದರಿ ಕೀ ಇಡಬೇಡಿ. ಗಿಟ್‌ಲೀಕ್ಸ್ ಅದನ್ನು ಬೇಕೆಂದೇ ಬಿಟ್ಟುಬಿಡುತ್ತದೆ, ಅಲರ್ಟೇ ಏಳುವುದಿಲ್ಲ, ನೀವು ಪಾಸಾದೆವು ಎಂದುಕೊಳ್ಳುತ್ತೀರಿ.

ನಮ್ಮಲ್ಲಿ ಮೊದಲ ಸಲ, ಗಿಟ್‌ಲೀಕ್ಸ್ ಅನ್ನು ಇನ್ನೂ ರಿಡ್ಯಾಕ್ಟ್ ಹಾಕಿಯೇ ಓಡಿಸುತ್ತಿದ್ದಾಗ, ಹುಡುಕಿದರೆ ಕೀ ಸಿಕ್ಕಿತು. ಸೀಕ್ರೆಟ್ ಕಾಲಂ ಮುಚ್ಚಿತ್ತು, ಮ್ಯಾಚ್ ಕಾಲಂ ಮುಚ್ಚಿತ್ತು. ಎಲ್ಲಿಂದ ಬಂತು ಎಂದು ಅರ್ಧ ತಾಸು ತಲೆ ಕೆರೆದುಕೊಂಡೆವು. ಕೊನೆಗೆ ಹುಡುಗಿಯೇ ಕಂಡುಹಿಡಿದಳು: ನಕಲಿ ಕೀ ಇಡುವಾಗ ನಾನು ಕಮಿಟ್ ಮೆಸೇಜಿನಲ್ಲಿ ‘ಟೆಸ್ಟ್ ಕೀ ಹಾಕಿದೆ’ ಎಂದು ಬರೆದು, ಮುಂದೆ ಆ ಕೀಯನ್ನೂ ಬರೆದಿದ್ದೆ. ರಿಡ್ಯಾಕ್ಟ್ ಕಮಿಟ್ ಮೆಸೇಜನ್ನು ಮುಟ್ಟುವುದಿಲ್ಲ. ಈಗ ಆ ಕಾಲಂ ನಮ್ಮ ಸರ್ವರಿನಿಂದ ಹೊರಗೇ ಬರುವುದಿಲ್ಲ.